ಬರಲಿ ಅನ್ನು, ಪುಟ್ಟೀ

ಶಿರಸಿ ಸೀಮೆ
ಶ್ರಾವಣ ಮಾಸ

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಭಾವ ಅಡಿಕೆಗೆ ಕೊಳೆ ಔಷಧಿಯ ಎರಡನೇ ಸುತ್ತು ಮುಗಿಸಿದರು. ಮಳೆ ಮಾತ್ರ ಬಿಡುವ ಲಕ್ಷಣ ಕಾಣುವುದಿಲ್ಲ. ಅಂಗಳ ಪಾಚಿಗಟ್ಟಿ ಜಾರುತ್ತದೆಂದು ಅಡಿಕೆ ಸೋಗೆ ಹಾಸಿದ್ದೇವೆ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಉತ್ತರ ಹೇಳಲಿಕ್ಕೆ ಆಗಲಿಲ್ಲ. ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತು. ಸಿಗ್ನಲ್ ಇದ್ದಿದ್ದರೂ ಅದು ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲ. ಮೈಸೂರಿನ ನಿಮ್ಮ ಬಡಾವಣೆಯ ಹೆಂಗಸರು ದಸರೆ ಹೊತ್ತಿಗೆ ನಿನ್ನ ಹೂದೋಟ ನೋಡಲಿಕ್ಕೆ ಬರುತ್ತೇವೆ ಅಂದಿದ್ದಾರೆ, ನಿನಗೆ ಹೂಂ ಅನ್ನಲಿಕ್ಕೂ ಮನಸ್ಸಿಲ್ಲ, ಊಹೂಂ ಅನ್ನಲಿಕ್ಕೂ ಬಾಯಿಲ್ಲ. ಕೀಳುತ್ತಾರೆ, ತುಳಿಯುತ್ತಾರೆ, ಕಂಡ ಗಿಡದ ಕಡ್ಡಿಯೆಲ್ಲ ಕೇಳುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣು ತಾಗುತ್ತದೆ ಅಂದೆಯಲ್ಲ. ನಾಕೂ ಮಾತಿಗೆ ಉತ್ತರ ಬರೆಯುತ್ತೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ: ಬರಲಿ ಅನ್ನು. ಖುಷಿಯಿಂದ ಅನ್ನು.

ಇಲ್ಲಿ ಈಗ ಡೇರೆ ಹೂವಿನ ಕಾಲ. ರೋಹಿಣಿ ಮಳೆ ಬಿದ್ದಾಗ ಮೊಳಕೆ ಕಂಡ ಗಡ್ಡೆಗಳನ್ನು ಆರಿಸಿ ಮಣ್ಣು ತುಂಬಿದ ಕೊಟ್ಟೆಗಳಿಗೆ ಇಳಿಸಿದ್ದೆ. ಪುಷ್ಯ ಮಳೆಯಲ್ಲಿ ಮೊದಲ ಮೊಗ್ಗು ಕಂಡಿತು, ಆಶ್ಲೇಷಾ ಹೊತ್ತಿಗೆ ಅಂಗಳದ ಮೂರೂ ಬದಿ ತುಂಬಿತು. ನಿನಗೆ ಗೊತ್ತಲ್ಲ, ಡೇರೆಯ ಕಾಂಡ ಒಳಗೆ ಪೊಳ್ಳು. ಊಟದ ತಟ್ಟೆಯಷ್ಟಗಲ ಅರಳಿದ ಹೂವಿಗೆ ಒಂದು ರಾತ್ರಿಯ ಮಳೆ ನೀರು ತುಂಬಿಕೊಂಡರೆ ಗಿಡ ನಡುಮುರಿದು ಮಲಗುತ್ತದೆ. ಅದಕ್ಕೇ ಗಿಡ ಮೊಣಕಾಲೆತ್ತರ ಬಂದ ಕೂಡಲೆ ಅಡಿಕೆ ದಬ್ಬೆ ಊರಿ ಬಾಳೆನಾರಿನಲ್ಲಿ ಕಟ್ಟುತ್ತೇನೆ. ನಾರು ಬಿಗಿಯಾದರೆ ಕಾಂಡ ಕೊರೆಯುತ್ತದೆ, ಸಡಿಲವಾದರೆ ಗಾಳಿಗೆ ಉಜ್ಜುತ್ತದೆ. ಬೆಳಿಗ್ಗೆ ಎದ್ದು ಜಗಲಿಯಿಂದ ಇಳಿಯುವುದೇ ಕಟ್ಟು ನೋಡಲಿಕ್ಕೆ, ಸಿಂಬಳದ ಹುಳ ಆರಿಸಲಿಕ್ಕೆ, ಬಾಡಿದ ಹೂ ಚಿವುಟಲಿಕ್ಕೆ. ಬಾಡಿದ್ದನ್ನು ಗಿಡದಲ್ಲೇ ಬಿಟ್ಟರೆ ಅದು ಬೀಜ ಕಟ್ಟುವುದಕ್ಕೆ ಹೊರಡುತ್ತದೆ, ಹೊಸ ಮೊಗ್ಗು ಕಡಿಮೆಯಾಗುತ್ತದೆ.

ಇಷ್ಟು ಮಾಡುವುದು ಯಾರಿಗಾಗಿ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ದೇವರಿಗೆ ದಾಸವಾಳ, ನಂದಬಟ್ಟಲು, ಕರವೀರ ಸಾಕು. ಮುಡಿಗೆ ಅಬ್ಬಲಿಗೆ, ಗೊರಟೆ, ಮಲ್ಲಿಗೆ ಇವೆ. ಡೇರೆಯನ್ನು ಮುಡಿಯುವವರು ಕಡಿಮೆ, ಅದಕ್ಕೆ ಪರಿಮಳವೂ ಇಲ್ಲ. ಅದು ಇರುವುದೇ ಕಣ್ಣಿಗಾಗಿ. ಕಣ್ಣಿಗಾಗಿ ಇರುವ ಹೂವನ್ನು ನೋಡುವವರಿಲ್ಲದೆ ಬೆಳೆಸಿ ಏನು ಮಾಡುವುದು? ನಮ್ಮ ಸೀಮೆಯ ಹೆಂಗಸರು ಇದನ್ನು ಯಾವತ್ತೋ ತಿಳಿದುಕೊಂಡಿದ್ದಾರೆ. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ, ಮದುವೆ ಮುಂಜಿ ಇಲ್ಲ. ಮಧ್ಯಾಹ್ನದ ಊಟ ಆದಮೇಲೆ ಕೊಡೆ ಹಿಡಿದು, ಸೀರೆ ಎತ್ತಿ ಕಟ್ಟಿ, ಒಬ್ಬರ ಮನೆ ಹೂ ನೋಡಲಿಕ್ಕೆ ಇನ್ನೊಬ್ಬರು ಹೊರಡುತ್ತಾರೆ. ಬೇರೆ ಯಾವ ನೆಪವೂ ಬೇಡ, "ಹೂ ನೋಡಲಿಕ್ಕೆ ಬಂದೆ" ಎಂದರೆ ಸಾಕು. ಬಂದವರಿಗೆ ಆಸರಿಗೆ ಕುಡಿಯಲಿಕ್ಕೆ ಕೊಟ್ಟು, ಕವಳದ ತಬಕು ಇಟ್ಟು, ಮಳೆ ಒಂದು ಸುತ್ತು ನಿಂತ ಕೂಡಲೆ ಎಲ್ಲರೂ ಅಂಗಳಕ್ಕೆ ಇಳಿಯುವುದು. ಹೋಗುವಾಗ ಅವರ ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಒಂದು ಕುಡಿ. ಮುಂದಿನ ವಾರ ನಾವು ಅವರಲ್ಲಿಗೆ. ಶಿರಸಿಯಲ್ಲಿ ವನಸ್ತ್ರೀ ಬಳಗದವರು ನಡೆಸುವ ಮಲೆನಾಡ ಮೇಳಕ್ಕೆ ನೀನೂ ಒಮ್ಮೆ ಬಂದಿದ್ದೆಯಲ್ಲ. ಬೀಜ, ಗಡ್ಡೆ, ಗಿಡ ಹರವಿಕೊಂಡು ಕೂತ ಹೆಂಗಸರೆಲ್ಲ ತಮ್ಮ ತಮ್ಮ ಹಿತ್ತಿಲಿನಲ್ಲಿ ಈ ಕೊಡು-ಕೊಳ್ಳುವಿಕೆ ಮಾಡುತ್ತಲೇ ಬಂದವರು.

ನಮ್ಮ ಅಂಗಳದಲ್ಲಿ ಯಾವುದು ನಮ್ಮದು ಎಂದು ಹುಡುಕಲಿಕ್ಕೆ ಹೊರಟರೆ ಲೆಕ್ಕ ತಪ್ಪುತ್ತದೆ, ಪುಟ್ಟೀ. ಡೇರೆಯ ತವರು ಮೆಕ್ಸಿಕೋ. ಅಲ್ಲಿಂದ ಸ್ಪೇನಿಗೆ ಹೋಗಿ, ಮ್ಯಾಡ್ರಿಡ್‌ನ ರಾಜೋದ್ಯಾನದಲ್ಲಿ ಅರಳಿ, 1791ರಲ್ಲಿ ಕವನಿಲ್ಲೆಸ್ ಎಂಬ ಸಸ್ಯಶಾಸ್ತ್ರಜ್ಞರಿಂದ ಡೇಲಿಯಾ ಎಂಬ ಹೆಸರು ಪಡೆಯಿತು. ಲಿನೇಯಸ್‌ನ ಶಿಷ್ಯ, ಸ್ವೀಡನ್ನಿನ ಆಂಡ್ರಿಯಾಸ್ ಡಾಲ್ ಅವರ ನೆನಪಿಗೆ ಇಟ್ಟ ಹೆಸರು ಅದು. ಡಾಲ್ ಅದಕ್ಕೆ ಮೊದಲೇ, 1789ರಲ್ಲಿ ತೀರಿಕೊಂಡಿದ್ದರು. ಡೇರೆಯೊಂದೇ ಅಲ್ಲ, ನಾವು ದೀಪಾವಳಿಗೆ ಬಾಗಿಲಿಗೆ ಕಟ್ಟುವ ಚೆಂಡುಹೂವು, ಮದುವೆ ಮಾಲೆಯ ಸುಗಂಧರಾಜ, ಜೀನಿಯಾ, ಕಾಸ್ಮಾಸ್ ಎಲ್ಲವೂ ಆ ಕಡೆಯವೇ. ಸಮುದ್ರ ದಾಟಿ, ಘಟ್ಟ ಹತ್ತಿ, ಈ ಅಂಗಳದವರೆಗೆ ಅವು ತಾವಾಗಿ ಬರಲಿಲ್ಲ. ಪ್ರತಿ ದಾರಿಯಲ್ಲೂ ಯಾರೋ ಒಬ್ಬರು ಇನ್ನೊಬ್ಬರ ಕೈಗೆ ಒಂದು ಗಡ್ಡೆ, ಒಂದು ಚಿಟಿಕೆ ಬೀಜ ಕೊಟ್ಟಿದ್ದಾರೆ. ಆ ಸಾಲಿನಲ್ಲಿ ಯಾರಾದರೊಬ್ಬರು ಕೈ ಮುಚ್ಚಿಕೊಂಡಿದ್ದರೆ ನನಗೂ ಡೇರೆ ಇಲ್ಲ, ನಿನಗೂ ಚೆಂಡುಹೂವಿಲ್ಲ.

ಇನ್ನೊಂದು ವಿಷಯ ಇದೆ, ಅದು ಡೇರೆಯ ಹುಟ್ಟಿಗೇ ಸೇರಿದ್ದು. ಬೀಜದಿಂದ ಹುಟ್ಟಿದ ಡೇರೆ ತಾಯಿಯನ್ನು ಹೋಲುವುದಿಲ್ಲ. ಕೆಂಪಿನ ಬೀಜ ಬಿತ್ತಿದರೆ ಗುಲಾಬಿ ಬರಬಹುದು, ಹಳದಿ ಬರಬಹುದು, ಎಸಳಿನ ಸುತ್ತೇ ಬದಲಾಗಬಹುದು. ಗಡ್ಡೆಯಿಂದಲೋ ಚಿವುಟಿದ ಕುಡಿಯಿಂದಲೋ ಬೆಳೆಸಿದರೆ ಮಾತ್ರ ಅದೇ ಬಣ್ಣ, ಅದೇ ಆಕಾರ. ಅಂದರೆ ನಮ್ಮನ್ನು ಹೆತ್ತ ಆಯಿ ಕೊಟ್ಟ ಕಡುಗೆಂಪು ಡೇರೆ ನನ್ನಲ್ಲಿದೆಯಲ್ಲ, ಅದು ಆಯಿಯ ಗಿಡದ ಮಗಳೋ ಮೊಮ್ಮಗಳೋ ಅಲ್ಲ. ಅದೇ ಗಿಡ. ಆಯಿ ಕೈಯಾರೆ ದಬ್ಬೆ ಕಟ್ಟಿದ ಗಿಡವೇ ಇನ್ನೂ ಬದುಕಿದೆ. ಹಾಗಾಗಿ ಅದು ಒಂದೇ ಮನೆಯಲ್ಲಿ ಇದ್ದು, ಆ ಮನೆಯಲ್ಲಿ ಕೊಳೆತರೆ, ಬೀಜದಿಂದ ಅದನ್ನು ಮತ್ತೆ ಹುಟ್ಟಿಸಲಿಕ್ಕೆ ಯಾರಿಂದಲೂ ಆಗುವುದಿಲ್ಲ.

2019ರ ಆಗಸ್ಟ್ ಮಳೆ ನಿನಗೆ ನೆನಪಿರಬೇಕು. ಬನವಾಸಿ ಕಡೆ ವರದೆ ಗದ್ದೆಗಳನ್ನೆಲ್ಲ ಮುಳುಗಿಸಿದ್ದಳು, ಘಟ್ಟದ ಕೆಳಗೆ ಗಂಗಾವಳಿ, ಅಘನಾಶಿನಿ ಹೊಳೆಗಳು ಊರೊಳಗೇ ಬಂದಿದ್ದವು. ನಮ್ಮನೆ ಎತ್ತರದಲ್ಲಿದೆ, ನೀರು ನುಗ್ಗಲಿಲ್ಲ. ಆದರೆ ಧರೆಯಿಂದ ಒರತೆ ಒಡೆದು ಅಂಗಳದ ಮಣ್ಣು ದಿನಗಟ್ಟಲೆ ಅನ್ನದ ಗಂಜಿಯಾಗಿತ್ತು. ಗಿಡಗಳು ಎಲೆ ಜೋಲಿಸಿದವು. ಅಗೆದು ನೋಡಿದರೆ ಗಡ್ಡೆಗಳು ಬೆರಳಿಟ್ಟರೆ ಒಳಗೆ ಹೋಗುವಷ್ಟು ಮೆತ್ತಗೆ, ಹುಳಿ ವಾಸನೆ. ಆಯಿಯ ಡೇರೆ ಒಂದೂ ಉಳಿಯಲಿಲ್ಲ. ಆಯಿ ಹೋದಾಗಿನ ದುಃಖ ಇನ್ನೊಮ್ಮೆ ಬಂದಿತು ನನಗೆ, ನಿನ್ನ ಹತ್ತಿರ ಮಾತ್ರ ಇದನ್ನು ಹೇಳಬಲ್ಲೆ. ಮಾರ್ಗಶಿರದಲ್ಲಿ ಮೇಲಿನಕೇರಿ ಅತ್ತಿಗೆ ಒಂದು ಬುಟ್ಟಿ ಹಿಡಿದು ಬಂದರು. ಬೂದಿಯಲ್ಲಿ ಹೊರಳಿಸಿದ ಗಡ್ಡೆಗಳು. "ನೀನು ಕೊಟ್ಟದ್ದೇ, ನಮ್ಮಲ್ಲಿ ಮಾಡಿನ ಅಡಿ ಇತ್ತು, ಉಳಿಯಿತು" ಅಂದರು. ಯಾವಾಗಲೋ ಹೂ ನೋಡಲಿಕ್ಕೆ ಬಂದವರಿಗೆ ಬಾಳೆಲೆಯಲ್ಲಿ ಸುತ್ತಿ ಕೊಟ್ಟದ್ದು ಅದು. ಈಗ ಜಗಲಿಯ ಎದುರಿಗೆ ಅರಳಿ ನಿಂತಿರುವುದು ಆ ಬುಟ್ಟಿಯಲ್ಲಿ ಮರಳಿ ಬಂದ ಗಿಡವೇ. ನಾನು ಅದನ್ನು ಯಾರಿಗೂ ಕೊಡದೆ ಜೋಪಾನ ಮಾಡಿದ್ದರೆ ಅದು ಅವತ್ತಿಗೇ ಮುಗಿದಿತ್ತು.

ನನ್ನ ಮಾತೆಲ್ಲ ಇಷ್ಟೇ, ಪುಟ್ಟೀ. ಕೊಟ್ಟ ಗಿಡ ಉಳಿಯುತ್ತದೆ. ಕೊಡಲಿಕ್ಕೆ ಯಾರಾದರೂ ಬರಬೇಕು, ಬರುವವರಿಗೆ ಬಾಗಿಲು ತೆಗೆದಿರಬೇಕು.

ಬಂದವರು ಬರಿಗೈಯಲ್ಲಿ ಬರುವುದೂ ಇಲ್ಲ. ಹೋದ ವರ್ಷ ಒಬ್ಬರು ಅಜ್ಜಿ ಮೊಮ್ಮಗನ ಕಾರಿನಲ್ಲಿ ಹಾದುಹೋಗುವವರು ದಣಪೆ ಹತ್ತಿರ ನಿಲ್ಲಿಸಿ ಇಳಿದರು. ಕೋಲು ಊರಿಕೊಂಡು ಸೀದಾ ಮೂಲೆಯ ಹಳದಿ ಡೇರೆಯ ಹತ್ತಿರ ಹೋದರು. ಎಸಳಿನ ತುದಿಗೆ ಕೆಂಪು ಗೆರೆ ಇರುತ್ತದಲ್ಲ, ಅದು. ಹೂವಿನ ಗಲ್ಲ ಎತ್ತಿ ಹಿಂಬದಿ ನೋಡಿ, "ಇದು ಎಮ್ಮನೆ ಡೇರೆ ಅಲ್ದನೇ!" ಅಂದರು. ಎಸಳಿನ ಬೆನ್ನಿಗೂ ಕೆಂಪು ಎಳೆ ಇಳಿದಿರುವುದು ಅವರ ಗುರುತು. ನಾನು ಅಷ್ಟು ವರ್ಷ ಸಾಕಿದ ಹೂವಿನ ಬೆನ್ನನ್ನು ಆ ದೃಷ್ಟಿಯಿಂದ ನೋಡಿದ್ದೇ ಅವತ್ತು. ಅವರ ತವರಿನಿಂದ ಯಾರೋ ಮದುವೆಯಾಗಿ ಬರುವಾಗ ತಂದ ಗಡ್ಡೆ, ನಾಲ್ಕಾರು ಮನೆ ದಾಟಿ ನನಗೆ ಬಂದಿರಬೇಕು. ಅವರ ತವರಿನಲ್ಲಿ ಈಗ ಆ ಗಿಡ ಇಲ್ಲವಂತೆ. ಅವರಿಗೆ ಗಡ್ಡೆ ಕಳಿಸಿಕೊಟ್ಟೆ. ಅದರ ಜೊತೆಗೇ ಒಂದು ಸಂಬಂಧವೂ ಕೂಡಿಕೊಂಡಿತು, ಈಗ ಹಬ್ಬಕ್ಕೆ ಫೋನು ಮಾಡುತ್ತಾರೆ.

ಇನ್ನೊಮ್ಮೆ, ಮೇ ಕೊನೆಯಲ್ಲಿ, ಶಿರಸಿ ಅರಣ್ಯ ಕಾಲೇಜಿನ ಹುಡುಗಿಯರು ಬಂದಿದ್ದರು. ಹಲಸಿನ ಮರದ ಕವಲಿನಲ್ಲಿ ಸೀತಾಳೆ ದಂಡೆ ಇಳಿಬಿದ್ದಿತ್ತು. ಗಾಳಿಗೆ ಮುರಿದು ಬಿದ್ದ ಕೊಂಬೆಯಿಂದ ಎತ್ತಿ ತಂದು ಅಲ್ಲಿ ಕಟ್ಟಿದ್ದು, ಬೇರು ತಾನಾಗಿ ಹಿಡಿದುಕೊಂಡಿತು. ಅವರಲ್ಲಿ ಒಬ್ಬಳು ಅಸ್ಸಾಮಿನವಳು. ನೋಡಿದವಳೇ ಕೈ ಮುಗಿದು ನಿಂತುಬಿಟ್ಟಳು. ಅವರ ಕಡೆ ಇದಕ್ಕೆ ಕಪೌ ಫೂಲ್ ಅನ್ನುತ್ತಾರಂತೆ, ಬೊಹಾಗ್ ಬಿಹು ಹಬ್ಬದ ಕುಣಿತಕ್ಕೆ ಹುಡುಗಿಯರು ತುರುಬಿಗೆ ಇದನ್ನೇ ಸುತ್ತುತ್ತಾರಂತೆ. ನಮ್ಮ ಕಡೆ ಮದುಮಗಳ ಜಡೆಗೆ ಮುಡಿಸುತ್ತಿದ್ದ ಹೂವು, ಅಷ್ಟು ದೂರದ ಬ್ರಹ್ಮಪುತ್ರದ ದಡದಲ್ಲೂ ಹೆಣ್ಣುಮಕ್ಕಳ ತಲೆಯ ಮೇಲೆಯೇ! ಮನೆ ಬಿಟ್ಟು ಬಂದ ಆ ಹುಡುಗಿಗೆ ನಮ್ಮ ಹಲಸಿನ ಮರದಡಿ ತನ್ನ ಊರು ಸಿಕ್ಕಿತು, ನನಗೆ ನನ್ನ ಹೂವಿನ ಇನ್ನೊಂದು ಮನೆ ಗೊತ್ತಾಯಿತು. ಅವಳು ಬರದಿದ್ದರೆ ನನಗೆ ಅದನ್ನು ಹೇಳುವವರು ಯಾರಿದ್ದರು?

ಈಗ ನಿನ್ನ ನಾಕು ಭಯಗಳಿಗೆ ಬರುತ್ತೇನೆ.

ಕೀಳುವುದು. ಮಕ್ಕಳು ಕಿತ್ತೇ ಕೀಳುತ್ತವೆ, ಕೀಳಬೇಡಿ ಎಂದು ಗದರಿದರೆ ಇನ್ನೂ ಕೀಳುತ್ತವೆ. ನಾನು ಮಾಡುವುದು ಹೇಳುತ್ತೇನೆ, ನೀನೂ ಮಾಡಿ ನೋಡು. ಬಾಡಲಿಕ್ಕೆ ಬಂದ ಒಂದು ಡೇರೆಯನ್ನು ನಾನೇ ಕಿತ್ತು ಮಕ್ಕಳ ಅಂಗೈಗೆ ಕೊಡುತ್ತೇನೆ. ಬಿಡಿಸಿ ನೋಡಿ ಅನ್ನುತ್ತೇನೆ. ನಾವು ಒಂದು ಹೂ ಎನ್ನುವುದು ನೂರಾರು ಪುಟ್ಟ ಹೂಗಳ ಗುಂಪು, ಎಸಳು ಎನ್ನುವ ಒಂದೊಂದೂ ಒಂದು ಹೂವು. ಹೊರಸುತ್ತಿನದನ್ನು ಮೆಲ್ಲಗೆ ಎಳೆದರೆ ಬುಡದಲ್ಲಿ ಸಣ್ಣ ಕೊಳವೆ ಕಾಣುತ್ತದೆ. ಆಮೇಲೆ ಒಂಟಿ ಸುತ್ತಿನ ಡೇರೆಯ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅದರ ನಡುವಿನ ಹಳದಿ ಬಟ್ಟಲಿನಲ್ಲಿ ತುಡುವೆ ಜೇನು ಮುಖ ಹುದುಗಿಸಿ ಕೂತಿರುತ್ತದೆ, ಬಿಸಿಲು ಬಂದರೆ ಮಿಸರಿಯೂ ಬರುತ್ತದೆ. ದೊಡ್ಡ ತುಂಬುಹೂವಿನಲ್ಲಿ ಆ ಹಳದಿ ಬಟ್ಟಲೆಲ್ಲ ಎಸಳಾಗಿಹೋಗಿರುತ್ತದೆ, ಜೇನಿಗೆ ಅಲ್ಲಿ ಏನೂ ಸಿಗುವುದಿಲ್ಲ. ನೋಡಲಿಕ್ಕೆ ಸಾದಾ ಎಂದು ಒಂಟಿ ಸುತ್ತಿನದನ್ನು ನಾನು ಕಿತ್ತುಹಾಕದೆ ಇಟ್ಟುಕೊಂಡಿರುವುದು ಜೇನಿಗಾಗಿ. ಇಷ್ಟು ನೋಡಿದ ಮಗು ಆಮೇಲೆ ಹೂವಿಗೆ ಕೈ ಹಾಕುವ ಮೊದಲು ಒಳಗೆ ಜೇನು ಇದೆಯಾ ಎಂದು ಬಗ್ಗಿ ನೋಡುತ್ತದೆ. ದೊಡ್ಡವರಿಗೆ ಹೇಳುವುದು ಒಂದೇ ಮಾತು: ಮುಡಿಯಲಿಕ್ಕೆ ಹೂ ನಾನೇ ಕೊಡುತ್ತೇನೆ, ಕೇಳಿ. ಕೇಳಿದ್ದಕ್ಕೆ ಇಲ್ಲ ಅನ್ನಬೇಡ. ಬುಟ್ಟಿಯಲ್ಲಿ ಮಲ್ಲಿಗೆ, ಕನಕಾಂಬರ ಮೊದಲೇ ಕೊಯ್ದಿಟ್ಟುಕೊಂಡಿದ್ದರೆ ಗಿಡಕ್ಕೆ ಯಾರ ಕೈಯೂ ಹೋಗುವುದಿಲ್ಲ.

ತುಳಿಯುವುದು ಮತ್ತು ಕಣ್ಣು. ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ, ಕಾರಣ ಇದೆ. "ಬಂದು ಹೋದರು, ಗಿಡ ಸೊರಗಿತು" ಎಂದು ಹೇಳುವವರನ್ನು ನಾನೂ ನೋಡಿದ್ದೇನೆ. ಸೊರಗುವುದು ನಿಜ. ಅದು ಕಣ್ಣು ತಾಗಿದ್ದಲ್ಲ, ಕಾಲು ತಾಗಿದ್ದು. ಒದ್ದೆ ಮಣ್ಣಿನ ಮೇಲೆ ಹತ್ತು ಜನ ನಿಂತು ಹೋದರೆ ಮಣ್ಣಿನ ಕಣಗಳ ನಡುವೆ ಇದ್ದ ಗಾಳಿಯ ಜಾಗವೆಲ್ಲ ಮುಚ್ಚಿಹೋಗುತ್ತದೆ. ನೀರು ಇಂಗುವುದಿಲ್ಲ, ಬೇರಿಗೆ ಉಸಿರಿಲ್ಲ. ವಾರ ಕಳೆದ ಮೇಲೆ ಎಲೆ ಹಳದಿಯಾಗುತ್ತದೆ, ಅಷ್ಟು ಹೊತ್ತಿಗೆ ನಮಗೆ ಬಂದವರ ಮುಖ ನೆನಪಿರುತ್ತದೆಯೇ ಹೊರತು ಅವರ ಹೆಜ್ಜೆ ನೆನಪಿರುವುದಿಲ್ಲ. ಅದಕ್ಕೆ ಪರಿಹಾರ ದಾರಿ ಮಾಡುವುದು. ನಾನು ಚಿರೆಕಲ್ಲು ಹಾಸಿದ್ದೇನೆ. ನಿನ್ನಲ್ಲಿ ಕಡಪ ಕಲ್ಲೋ, ಇಟ್ಟಿಗೆಯೋ ಏನಿದೆಯೋ ಅದು. ಇಬ್ಬರು ಎದುರುಬದುರಾದರೆ ದಾಟುವಷ್ಟು ಅಗಲ ಇರಲಿ, ಇಲ್ಲದಿದ್ದರೆ ಒಬ್ಬರು ಪಾತಿಗೆ ಇಳಿಯಲೇಬೇಕಾಗುತ್ತದೆ. ಪಾತಿಯ ಅಂಚಿಗೆ ಮೊಣಕಾಲೆತ್ತರದ ದಬ್ಬೆ ಕಟ್ಟಿಸು. ಹಿಂದಿನ ದಿನ ನೀರು ಹಾಕಬೇಡ, ಬಂದು ಹೋದ ಮೇಲೆ ಹಾಕು. ಇಷ್ಟಾದರೆ ಯಾರ ಕಣ್ಣೂ ನಿನ್ನ ಗಿಡವನ್ನು ಏನೂ ಮಾಡುವುದಿಲ್ಲ. ಮನಸ್ಸು ತಡೆಯದಿದ್ದರೆ ಸುಣ್ಣದ ಚುಕ್ಕೆ ಇಟ್ಟ ಮಡಕೆ ಒಂದು ಕೋಲಿಗೆ ಸಿಕ್ಕಿಸು, ಆಯಿಯೂ ಸಿಕ್ಕಿಸುತ್ತಿದ್ದಳು. ಆದರೆ ಮೆಚ್ಚಿ ನೋಡುವ ಕಣ್ಣಿಗೆ ಹೆದರಬೇಡ.

ಕಡ್ಡಿ ಕೇಳುವುದು. ಕದ್ದು ನೆಟ್ಟ ಗಿಡ ಚೆನ್ನಾಗಿ ಬರುತ್ತದೆ ಎಂಬ ಮಾತು ಎಲ್ಲ ಕಡೆ ಇದೆ. ಆ ಮಾತಿನ ನೆಪದಲ್ಲಿ ಗುಲಾಬಿಯ ಗೆಲ್ಲನ್ನು ಸಿಗಿದುಕೊಂಡು ಹೋಗುತ್ತಾರೆ, ಸಿಗಿದ ಕಡೆ ತೊಗಟೆ ಸುಲಿದು ತಾಯಿಗಿಡ ಒಣಗುತ್ತದೆ. ನೀನು ಮೊದಲೇ ಸಿದ್ಧ ಮಾಡಿಟ್ಟುಕೊಂಡರೆ ಕದಿಯುವ ಕಾರಣವೇ ಇರುವುದಿಲ್ಲ. ದಾಸವಾಳ, ಗುಲಾಬಿ, ನಂದಬಟ್ಟಲಿನ ಸವರಿದ ಕಡ್ಡಿಯಲ್ಲಿ ಪೆನ್ಸಿಲ್ ದಪ್ಪದವನ್ನು ಆರಿಸಿ, ಗೇಣುದ್ದ ಕತ್ತರಿಸಿ, ಗಿಣ್ಣಿನ ಕೆಳಗೆ ಓರೆ ಕೊಯ್ದು, ಕೊಟ್ಟೆಯಲ್ಲಿ ನೆಟ್ಟು ನೆರಳಿಗಿಡು. ದಸರೆ ಹೊತ್ತಿಗೆ ಚಿಗುರಿರುತ್ತವೆ. ಗೇಟಿನ ಪಕ್ಕ ಸಾಲಾಗಿ ಇಟ್ಟು, ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಕಳಿಸು. ಕುಂಕುಮದ ಜೊತೆಗೆ ಬೇರು ಬಿಟ್ಟ ಗಿಡ ಕೊಡುವುದಕ್ಕಿಂತ ಚೆಂದದ ಬಾಗಿನ ಯಾವುದಿದೆ?

ಕೊಡುವಾಗ ಎರಡು ಎಚ್ಚರ ಬೇಕು. ಎಲೆಯಲ್ಲಿ ಹಳದಿ ಹಸಿರು ಮಚ್ಚೆ ಬಿದ್ದು ಮುದುಡಿದ ಡೇರೆಯಿಂದ ಗಡ್ಡೆಯನ್ನಾಗಲಿ ಕುಡಿಯನ್ನಾಗಲಿ ಯಾರಿಗೂ ಕೊಡಬಾರದು. ಅದು ವೈರಸ್ ರೋಗ, ಸಸ್ಯಹೇನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ, ಗಡ್ಡೆಯೊಳಗೂ ಉಳಿಯುತ್ತದೆ. ಔಷಧಿ ಇಲ್ಲ, ಕಿತ್ತು ಸುಡುವುದೊಂದೇ ದಾರಿ. ದಾಸವಾಳದಲ್ಲಿ ಬಿಳಿ ಹಿಟ್ಟಿನ ತಿಗಣೆ ಇದ್ದರೆ ಅದನ್ನೂ ತೊಳೆದು ಶುದ್ಧ ಮಾಡಿದ ಮೇಲೆಯೇ ಕೊಡು. ನಿನಗೆ ಬಂದ ಗಿಡವನ್ನೂ ಕೆಲವು ವಾರ ಬೇರೆಯಾಗಿಟ್ಟು ನೋಡಿ ಆಮೇಲೆ ಪಾತಿಗೆ ಸೇರಿಸು. ಎರಡನೆಯದು, ಎಲ್ಲೆಂದರಲ್ಲಿ ಹಬ್ಬುವ ಗಿಡವನ್ನು ಹಂಚಬೇಡ. ಲಂಟಾನ ನಮ್ಮ ದೇಶಕ್ಕೆ 19ನೇ ಶತಮಾನದ ಆರಂಭದಲ್ಲಿ ಬಂದದ್ದು ಹೂದೋಟದ ಅಲಂಕಾರದ ಗಿಡವಾಗಿ. ಇವತ್ತು ನಿನ್ನ ಮನೆಯಿಂದ ಎರಡು ತಾಸಿನ ದಾರಿಯ ಬಂಡೀಪುರದಲ್ಲಿ ಅದು ನೆಲ ಮುಚ್ಚಿ, ಜಿಂಕೆಗೆ ಆನೆಗೆ ಹುಲ್ಲು ಸಿಗದ ಹಾಗೆ ಮಾಡಿದೆ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಗಿಡವೂ ಕಾಡಿಗೆ ಭಾರವಾಗಬಹುದು. ಹಳ್ಳದ ದಂಡೆಯಲ್ಲಿ ಹಳದಿ ಹೂ ಬಿಟ್ಟು ಹಾಸುತ್ತದಲ್ಲ, ಸಿಂಗಪುರ ಡೇಸಿ ಅನ್ನುತ್ತಾರೆ, ಅದನ್ನೂ ಯಾರು ಕೇಳಿದರೂ ಕೊಡಬೇಡ.

ನಿಮ್ಮ ಮೈಸೂರಿಗೆ ಮನೆ ಬಾಗಿಲು ತೆಗೆದಿಡುವುದು ಹೊಸದಲ್ಲ. ನವರಾತ್ರಿಗೆ ಪಟ್ಟದ ಬೊಂಬೆ ಕೂರಿಸಿದ ಮನೆಗಳಿಗೆ ಸಂಜೆಯಾದರೆ ಬೀದಿಯ ಮಕ್ಕಳೆಲ್ಲ ಬರುತ್ತಾರೆ. ಗುರುತು ಪರಿಚಯ ಯಾರೂ ಕೇಳುವುದಿಲ್ಲ. ಬೊಂಬೆ ನೋಡಿ, ಒಂದು ಹಾಡು ಹೇಳಿ, ಬೊಂಬೆ ಬಾಗಿನ ತೆಗೆದುಕೊಂಡು ಮುಂದಿನ ಮನೆಗೆ ಓಡುತ್ತಾರೆ. ಮದುವೆಯಾದ ಹೊಸದರಲ್ಲಿ ನೀನೇ ಬೆರಗಾಗಿ ಬರೆದಿದ್ದೆ. ಬೊಂಬೆಗೆ ತೆಗೆದ ಬಾಗಿಲು ಹೂವಿಗೂ ತೆಗೆದರಾಯಿತು. ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಊರೆಲ್ಲ ಹೋಗುತ್ತದೆ, ಅಲ್ಲಿಯ ಹೂವಿನ ರಾಶಿಗೆ ನಮ್ಮ ಮನೆಯ ಹೂ ಸಮ ಅಲ್ಲ. ಆದರೆ ಅಲ್ಲಿ ಗಿಡ ಬೆಳೆಸಿದವರ ಜೊತೆ ನಿಂತು, ಇದಕ್ಕೆ ಏನು ಗೊಬ್ಬರ ಹಾಕಿದಿರಿ, ಯಾರು ಕೊಟ್ಟರು, ಎಷ್ಟು ವರ್ಷದ್ದು ಎಂದು ಕೇಳಲಿಕ್ಕೆ ಆಗುವುದಿಲ್ಲ. ಮನೆಯ ಹೂದೋಟಕ್ಕೆ ಬರುವವರಿಗೆ ಬೇಕಾದದ್ದು ಆ ಮಾತು.

ದಸರೆಗೆ ಹೂ ಇರಬೇಕೆಂದರೆ ಈಗಲೇ ಕೈ ಹಚ್ಚು. ಚೆಂಡುಹೂವು, ಜೀನಿಯಾ ಬೀಜ ಹಾಕಿ ಹೂ ಕಾಣಲಿಕ್ಕೆ ಹೆಚ್ಚುಕಡಿಮೆ ಎರಡು ತಿಂಗಳು ಬೇಕು. ಸೇವಂತಿಗೆಯ ಕುಡಿಯನ್ನು ಈಗ ಒಮ್ಮೆ ಚಿವುಟು, ಕವಲೊಡೆಯುತ್ತದೆ. ಅದರ ಕುಂಡಗಳನ್ನು ಬೀದಿ ದೀಪದ ಬೆಳಕು ಬೀಳದ ಕಡೆ ಇಡು. ರಾತ್ರಿ ಉದ್ದವಾಗುತ್ತಾ ಬಂದಾಗ ಮೊಗ್ಗು ಕಟ್ಟುವ ಗಿಡ ಅದು, ರಾತ್ರಿಯಿಡೀ ಬೆಳಕಿದ್ದರೆ ಎಲೆ ಮಾತ್ರ ಬೆಳೆಯುತ್ತದೆ. ಬೆಳಿಗ್ಗೆಯ ಬಿಸಿಲು ಏರುವ ಮೊದಲು, ಇಲ್ಲವೇ ಸಂಜೆ ನಾಲ್ಕರ ಮೇಲೆ ಬನ್ನಿ ಎಂದು ಹೇಳು. ನಡುಹಗಲಿನಲ್ಲಿ ಹೂವೂ ಬಾಡಿರುತ್ತದೆ, ಜನವೂ ಬಾಡಿರುತ್ತಾರೆ. ವಯಸ್ಸಾದವರಿಗೆ ಸಂಪಿಗೆ ಮರದಡಿ ಎರಡು ಕುರ್ಚಿ ಹಾಕು. ಮುರುಗಲು ಹಣ್ಣಿನ ಸಿಪ್ಪೆ ಕಳಿಸಿದ್ದೆನಲ್ಲ, ಅದರ ಪಾನಕ ಮಾಡು. ನಿಮ್ಮನೆಯವರಿಗೆ ಹೇಳಿ ಸ್ಕೂಟರನ್ನು ಅವತ್ತು ಬೇರೆ ಕಡೆ ನಿಲ್ಲಿಸಿದರೆ ಜಾಗ ಸಾಲುತ್ತದೆ.

ನಿನ್ನ ಬ್ರಹ್ಮಕಮಲ ಮೊಗ್ಗು ಬಿಟ್ಟಿದೆ ಅಂದೆ. ಅದಕ್ಕಂತೂ ದಸರೆವರೆಗೆ ಕಾಯಬೇಡ. ಮೊಗ್ಗಿನ ಕೊಕ್ಕು ಮೇಲಕ್ಕೆ ಬಾಗಿ ಉಬ್ಬಿತೆಂದರೆ ಅವತ್ತು ರಾತ್ರಿ ಅರಳುತ್ತದೆ ಎಂದು ತಿಳಿ. ಎಂಟು ಒಂಬತ್ತರ ಹೊತ್ತಿಗೆ ಬಿರಿಯಲಿಕ್ಕೆ ಶುರು, ನಡುರಾತ್ರಿಗೆ ಪೂರ್ತಿ, ಬೆಳಗಾಗುವುದರಲ್ಲಿ ಜೋತುಬಿದ್ದಿರುತ್ತದೆ. ಎದುರುಮನೆಯಲ್ಲಿ ಒಬ್ಬರೇ ಇರುವ ಅಮ್ಮ ಇದ್ದಾರೆ, ಮಗ ಹೊರದೇಶದಲ್ಲಿ ಎಂದು ನೀನು ಹೇಳಿದ್ದೆ. ಅವರನ್ನು ಕರೆ. ರಾತ್ರಿ ಹನ್ನೊಂದಕ್ಕೆ ಒಂದು ಹೂವಿನ ಮುಂದೆ ಕೂತು ಮಾತಾಡಿದವರು ಮತ್ತೆ ಅಪರಿಚಿತರಾಗಿ ಉಳಿಯುವುದಿಲ್ಲ. ಮಾರನೇ ದಿನ ಅದರ ಒಂದು ಎಲೆ ಕತ್ತರಿಸಿ, ಎರಡು ದಿನ ಗಾಯ ಒಣಗಿಸಿ, ಅವರ ಮನೆ ಕುಂಡದಲ್ಲಿ ನೀನೇ ನೆಟ್ಟು ಬಾ.

ಡೇರೆಯ ಗಿಡ ಒಣಗಿದ ಮೇಲೆ, ಸಂಕ್ರಾಂತಿ ಸುಮಾರಿಗೆ, ಗಡ್ಡೆ ಕೀಳುತ್ತೇನೆ. ನಿನ್ನ ಪಾಲು ಎತ್ತಿಟ್ಟಿರುತ್ತೇನೆ: ಆಯಿಯ ಕಡುಗೆಂಪು, ಅಜ್ಜಿ ಗುರುತಿಸಿದ ಹಳದಿ, ಜೇನಿಗೆಂದು ಇಟ್ಟ ಒಂಟಿ ಸುತ್ತಿನದು. ಗಡ್ಡೆಯ ಕುತ್ತಿಗೆ ಮುರಿಯದ ಹಾಗೆ ತೆಗೆದುಕೊಂಡು ಹೋಗಬೇಕು. ಕಾಂಡದ ಬುಡದ ಕಣ್ಣು ಅದರ ಜೊತೆ ಇದ್ದರೆ ಮಾತ್ರ ಚಿಗುರುತ್ತದೆ, ಬರೀ ಗಡ್ಡೆ ಎಷ್ಟು ದಪ್ಪ ಇದ್ದರೂ ಪ್ರಯೋಜನವಿಲ್ಲ. ಒಣ ಮರಳಿನಲ್ಲಿಟ್ಟು ಮೊಳಕೆ ಕಂಡ ಮೇಲೆ ನೆಡು. ಒಂದು ಮಾತು ಮಾತ್ರ ಈಗಲೇ ಕೊಡಬೇಕು ನೀನು. ಮೊದಲ ವರ್ಷ ಅವು ನಿನ್ನಲ್ಲಿ ಬೇರೂರಲಿ. ಎರಡನೇ ವರ್ಷಕ್ಕೆ ಅವು ನಿನ್ನ ಬೀದಿಯ ಇನ್ನೆರಡು ಮನೆಗಳಲ್ಲಾದರೂ ಅರಳಬೇಕು. ಯಾರ ಮನೆಗೆ ಹೋದವು ಎಂದು ನನಗೆ ಬರೆದು ತಿಳಿಸು. ಮುಂದೆ ಯಾವ ಮಳೆಗೆ ನನ್ನಲ್ಲಿ ಏನು ಹೋದರೂ, ಯಾರ ಬಾಗಿಲು ತಟ್ಟಬೇಕೆಂದು ಗೊತ್ತಿರುತ್ತದೆ.

ಮಕ್ಕಳಿಗೆ ಮುದ್ದು. ನಿಮ್ಮನೆಯವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಬೀಜದ ಪೊಟ್ಟಣ ಈ ಕಾಗದದ ಜೊತೆಗೇ ಇಟ್ಟಿದ್ದೇನೆ.

ನಿನ್ನ,
ಅಕ್ಕ